ಪರೇಲ್‌ನ ಪ್ರಯೋಗಾಲಯವೊಂದರ ಲ್ಯುಕೇಮಿಯಾ ಜೀನ್ ಪರೀಕ್ಷೆ: ಶಿಸ್ತಿನ ಕೆಲಸ, ಹಳೆಯ ಷರಾ

ವಿಜಯಪುರದಿಂದ ಚಿಕಿತ್ಸೆಗೆಂದು ಡೊಂಬಿವಲಿಯ ನಮ್ಮ ಮನೆಗೆ ಬಂದ ತಮ್ಮನಿಗೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಇರುವುದು ಖಚಿತವಾದ ಮೇಲೆ, ಪರೇಲ್ ಸಮೀಪದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅವನ ಬೋನ್ ಮ್ಯಾರೋದ (ಮೂಳೆ ಮಜ್ಜೆಯ) ಜೀನ್ ಪರೀಕ್ಷೆ ಮಾಡಿಸಿದೆವು. ಊರಿನಿಂದ ಇದೇ ಕಾಯಿಲೆ ಹೊತ್ತು ಮುಂಬೈಗೆ ಬರುವ ಕುಟುಂಬಗಳಿಗೆ ನೆರವಾಗಲೆಂದು ಆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

ಸ್ಯಾಂಪಲ್ ಪಡೆಯುವ ವ್ಯವಸ್ಥೆ ಅಚ್ಚುಕಟ್ಟಾಗಿದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಆಗಬೇಕು, ರಕ್ತ ಹೆಪ್ಪುಗಟ್ಟದಂತೆ ಬಳಸುವ ಇನ್ನೊಂದು ವಸ್ತುವಾದ ಹೆಪಾರಿನ್ ಇದ್ದರೆ, ಜೀನ್ ಭಾಗಗಳನ್ನು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ವಿಧಾನಕ್ಕೆ ಅಡ್ಡಿಯಾಗುತ್ತದೆ ಎಂದು ಮೊದಲೇ ತಿಳಿಸಿದರು. ಜೀನ್ ಅಭಿವ್ಯಕ್ತಿಯನ್ನು, ಅಂದರೆ ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದನ್ನು, ಅಳೆಯಲು ಬೇಕಾದ ಆರ್‌ಎನ್‌ಎ ಬೇಗ ಕೆಡುವುದರಿಂದ ಅದೇ ದಿನ ತಲುಪಿಸುವಂತೆ ಒತ್ತಿ ಹೇಳಿದರು.

ತೊಡಕು ಬಂದದ್ದು ವರದಿಯ ಕೊನೆಯ ಷರಾದಲ್ಲಿ. ಎನ್‌ಪಿಎಂ1 ಜೀನಿನ ರೂಪಾಂತರ (ಮ್ಯುಟೇಶನ್) ಮತ್ತು ಎಫ್‌ಎಲ್‌ಟಿ3 ಜೀನಿನ ಐಟಿಡಿ ಎಂಬ ರೂಪಾಂತರ ಎರಡೂ ಕಂಡಿದ್ದವು. ಎರಡನೆಯದರ ಅನುಪಾತ (ಸಹಜ ಜೀನಿಗೆ ಹೋಲಿಸಿದ ಪ್ರಮಾಣ) 0.5ಕ್ಕಿಂತ ಕಡಿಮೆಯೆಂಬ ಕಾರಣಕ್ಕೆ ತಮ್ಮನನ್ನು ‘ಅನುಕೂಲಕರ’ (ಕಡಿಮೆ ಅಪಾಯದ) ಗುಂಪಿಗೆ ಸೇರಿಸಿದ್ದರು. ಅದು ತಜ್ಞರ ಜಾಲವಾದ ಯುರೋಪಿಯನ್ ಲ್ಯುಕೇಮಿಯಾನೆಟ್‌ನ 2017ರ ವರ್ಗೀಕರಣ. 2022ರ ಪರಿಷ್ಕರಣೆ ಆ ಅನುಪಾತವನ್ನೇ ಕೈಬಿಟ್ಟಿದ್ದು, ಪ್ರತಿಕೂಲ ವರ್ಣತಂತು ದೋಷಗಳಿಲ್ಲದ ಇಂಥ ರೋಗಿಗಳನ್ನು ಮಧ್ಯಮ ಅಪಾಯದ ಗುಂಪಿನಲ್ಲಿ ಇರಿಸುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲೆ ಕೀಮೋ ಮುಂದುವರಿಸಿದರೆ ಸಾಕೇ, ದಾನಿಯಿಂದ ಮಜ್ಜೆ ಕಸಿ ಮಾಡಿಸಬೇಕೇ ಎಂಬ ಚರ್ಚೆಯಲ್ಲಿ ಈ ಗುಂಪಿಗೆ ಬಹಳ ತೂಕವಿರುವುದರಿಂದ, ಇದನ್ನು ಸಣ್ಣ ಲೋಪವೆಂದು ಬಿಡಲು ನನಗೆ ಮನಸ್ಸಿಲ್ಲ. ನಮ್ಮ ವೈದ್ಯರು ಗಮನಿಸಿ ಕೇಳಿದಾಗ ಪ್ರಯೋಗಾಲಯ ತಕ್ಷಣ ತಿದ್ದಿದ ವರದಿ ಕೊಟ್ಟಿತು. ಅದಕ್ಕೆ ಹಣ ಕೇಳಲಿಲ್ಲ.

ಅಭಿವ್ಯಕ್ತಿಯ ಭಾಗ ಸ್ಪಷ್ಟವಾಗಿದೆ. ಲ್ಯುಕೇಮಿಯಾದಲ್ಲಿ ಹೆಚ್ಚಾಗಿ ಏರುವ ಡಬ್ಲ್ಯುಟಿ1 ಜೀನಿನ ಮಟ್ಟವನ್ನು, ಹೋಲಿಕೆಗೆ ಬಳಸುವ ಎಬಿಎಲ್ ಜೀನಿನ 10,000 ಕಾಪಿಗಳಿಗೆ ಎಷ್ಟೆಂದು ನಮೂದಿಸಿ, ಪಕ್ಕದಲ್ಲೇ ಆರೋಗ್ಯವಂತರಲ್ಲಿನ ಮೇಲ್ಮಿತಿಯನ್ನು, ಮಜ್ಜೆಗೆ 250, ರಕ್ತಕ್ಕೆ 50 ಎಂದು, ಮುದ್ರಿಸಿದ್ದಾರೆ. ಆದರೆ ಎನ್‌ಪಿಎಂ1 ರೂಪಾಂತರ ಇರುವವರಲ್ಲಿ ಚಿಕಿತ್ಸೆಯ ನಂತರ ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಲು ಆ ರೂಪಾಂತರವೇ ಹೆಚ್ಚು ನಂಬಲರ್ಹ ಗುರುತು. ಡಬ್ಲ್ಯುಟಿ1 ಉಪಯುಕ್ತವಾಗುವುದು ಹಿಂಬಾಲಿಸಲು ಬೇರೆ ಗುರುತು ಇಲ್ಲದಾಗ. ಬಿಎಎಎಲ್‌ಸಿ, ಇಆರ್‌ಜಿ ಜೀನ್‌ಗಳ ಹೆಚ್ಚಿದ ಅಭಿವ್ಯಕ್ತಿಗೂ ಕೆಟ್ಟ ಫಲಿತಾಂಶಕ್ಕೂ ನಂಟಿದೆಯೆಂದು ಅಧ್ಯಯನಗಳು ತೋರಿಸಿದ್ದರೂ, ಎಲ್ಲರೂ ಒಪ್ಪಿದ ಮಿತಿ ಇಲ್ಲದ ಕಾರಣ ಅವನ್ನು ನೋಡಿ ಚಿಕಿತ್ಸೆ ಬದಲಿಸುವ ರೂಢಿಯಿಲ್ಲ. ಇವೆಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿ ಹಣ ಪಡೆಯುವುದು ಸರಿಯಲ್ಲ. ಮೊದಲು ರೂಪಾಂತರಗಳ ಫಲಿತಾಂಶ ಕೊಟ್ಟು, ಆಮೇಲೆ ವೈದ್ಯರು ಬಯಸಿದ್ದನ್ನಷ್ಟೇ ಮಾಡುವ ಆಯ್ಕೆಯನ್ನು ಅವರು ರೋಗಿಗಳಿಗೆ ಕೊಡಬೇಕು.