ಕಾನ್ವೆಂಟ್, ಟ್ರಸ್ಟಿನ ಶಾಲೆ, ಸರ್ಕಾರಿ ಹೈಸ್ಕೂಲು: ಮೂರರಲ್ಲೂ ನಮ್ಮ ಮಕ್ಕಳು ಓದಿದ ಮೇಲೆ

ಮೇ ತಿಂಗಳು ಬಂತೆಂದರೆ ನನ್ನ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಚಿಕ್ಕ ಅಂಗಡಿ, ಎರಡು ಮಿಷನ್. ಯೂನಿಫಾರ್ಮ್ ಹೊಲಿಸಲು ಬರುವವರೆಲ್ಲ ಕೇಳುವುದು ಒಂದೇ. "ಅಕ್ಕಾ, ಹೈಸ್ಕೂಲಿಗೆ ಎಲ್ಲಿ ಹಾಕೋಣ? ಕಾನ್ವೆಂಟ್ ಚೆನ್ನಾಗಿದೆ ಅಂತಾರಲ್ಲ, ನಿಮ್ಮ ಮಗಳು ಅಲ್ಲೇ ಓದಿದ್ದಲ್ವಾ?" ಬಟ್ಟೆ ಅಳೆಯುತ್ತಾ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ನಮ್ಮ ಮನೆಯಿಂದ ಮೂರು ಮಕ್ಕಳು ಮೂರು ಥರದ ಹೈಸ್ಕೂಲಿಗೆ ಹೋಗಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮಗಳು 8ರಿಂದ 10ರವರೆಗೆ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಕಾನ್ವೆಂಟಿನಲ್ಲಿ ಓದಿ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಮಗ ಅದೇ ಕಾನ್ವೆಂಟಿನಲ್ಲಿ 8ನೇ ಕ್ಲಾಸ್ ಮಾತ್ರ ಓದಿದ. ಆಮೇಲೆ ಟಿಸಿ ತೆಗೆಸಿ ಒಂದು ಟ್ರಸ್ಟಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು, ಈಗ 10ಕ್ಕೆ ಬಂದಿದ್ದಾನೆ. ನನ್ನ ತಮ್ಮ ಜಗಳೂರು ಕಡೆಯ ಹಳ್ಳಿಯಲ್ಲಿದ್ದಾನೆ. ಅವನ ಮಗಳು ನಮ್ಮ ಮನೆಯಲ್ಲೇ ಇದ್ದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ, ಅಂದರೆ 2025ರಲ್ಲಿ, ಪಾಸಾದಳು. ಶಾಲೆಗಳ ಹೆಸರು ಬರೆಯುವುದಿಲ್ಲ. ಒಳ್ಳೆಯದೂ ಹೇಳಬೇಕು, ಬೇಜಾರಾದದ್ದೂ ಹೇಳಬೇಕು, ಅಲ್ಲಿ ಇನ್ನೂ ನೂರಾರು ಮಕ್ಕಳು ಓದುತ್ತಿದ್ದಾರೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಕಾನ್ವೆಂಟಿಗೆ ಸೇರಿಸುವಾಗ ಅಡ್ಮಿಷನ್ ಎಲ್ಲ ಸೇರಿ 46 ಸಾವಿರ ಆಯಿತು, ಮುಂದಿನ ಎರಡು ವರ್ಷ 35 ಸಾವಿರದ ಆಸುಪಾಸು. ಟ್ರಸ್ಟಿನ ಶಾಲೆಯಲ್ಲಿ ಹೇಳುವಾಗ 30 ಸಾವಿರ ಅಂದರು, ಆದರೆ ವ್ಯಾನು, ಸ್ಪೆಷಲ್ ಕ್ಲಾಸು, ಆ್ಯನ್ಯುಯಲ್ ಡೇ ಡ್ರೆಸ್ಸು ಅಂತ ಸೇರುತ್ತಾ ಸೇರುತ್ತಾ ಕಾನ್ವೆಂಟನ್ನೂ ದಾಟಿತು. ಸರ್ಕಾರಿ ಶಾಲೆಯಲ್ಲಿ ಪುಸ್ತಕ ಫ್ರೀ, ಮಧ್ಯಾಹ್ನದ ಊಟ, ಹಾಲು, ಮೊಟ್ಟೆ ಎಲ್ಲ ಅಲ್ಲೇ. ಕಾನ್ವೆಂಟಿನಲ್ಲಿ ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಫ್ರೀ ಸೀಟು, ಸಿಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆ ಕಾಯ್ದೆ ಇರುವುದೂ 8ನೇ ಕ್ಲಾಸಿನವರೆಗೆ ಮಾತ್ರ.

ಒಂದು ವರ್ಷ ನಮಗೆ ಫೀಸು ಕಟ್ಟಲು ತಡವಾಯಿತು. ಕಾನ್ವೆಂಟ್ ಆಫೀಸಿನಲ್ಲಿ ಒಂದು ಅರ್ಜಿ ಬರೆಸಿಕೊಂಡು ಮೂರು ಕಂತು ಮಾಡಿಕೊಟ್ಟರು, ಮಗಳಿಗೆ ಈ ವಿಷಯ ಗೊತ್ತೇ ಆಗಲಿಲ್ಲ. ಟ್ರಸ್ಟಿನ ಶಾಲೆಯಲ್ಲಿ ಬಾಕಿ ಇದ್ದವರ ಹೆಸರನ್ನು ಕ್ಲಾಸಿನಲ್ಲಿ ಓದಿದರು. ಮಗ ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಬಳೆ ಅಡವಿಟ್ಟು ಮಾರನೇ ದಿನವೇ ಕಟ್ಟಿ ಬಂದೆ.

ಇನ್ನು ಶಿಸ್ತು. ಕಾನ್ವೆಂಟ್ ಅಂದ ಕೂಡಲೇ ಅಪ್ಪ-ಅಮ್ಮಂದಿರ ಬಾಯಲ್ಲಿ ಮೊದಲು ಬರುವ ಮಾತೇ ಇದು. ನನ್ನ ಅಂಗಡಿಯಲ್ಲಿ ಅಮ್ಮ ಒಂದು ಹೇಳುತ್ತಾಳೆ, ಅಲ್ಲೇ ಟೇಪು ಹಿಡಿಸಿಕೊಂಡು ನಿಂತ ಮಗಳು ಇನ್ನೊಂದು ಹೇಳುತ್ತಾಳೆ. ಅಮ್ಮ: "ಅಲ್ಲಿ ಭಾರಿ ಸ್ಟ್ರಿಕ್ಟ್ ರೀ, ನಮಗೆ ನೆಮ್ಮದಿ." ಮಗಳು ಮೆಲ್ಲಗೆ: "ಆಂಟಿ, ಮಂಡಿ ಕೆಳಗೆ ನಾಲ್ಕು ಬೆರಳು ಬರೋ ಹಂಗೆ ಹೊಲೀರಿ, ಇಲ್ಲಾಂದ್ರೆ ಅಸೆಂಬ್ಲೀಲಿ ಎಲ್ಲರ ಮುಂದೆ ನಿಲ್ಲಿಸ್ತಾರೆ." ಅದಕ್ಕೆ ಕಾನ್ವೆಂಟಿನ ಸ್ಕರ್ಟಿಗೆ ನಾನು ಒಳಗಡೆ 3 ಇಂಚು ಮಡಿಕೆ ಬಿಟ್ಟೇ ಹೊಲಿಯುತ್ತೇನೆ. ದಸರಾ ರಜೆಯಲ್ಲಿ ಮಕ್ಕಳು ಮತ್ತೆ ಬರುತ್ತಾರೆ, ಮಡಿಕೆ ಬಿಚ್ಚಿ ಕೆಳಗಿಳಿಸಿ ಕೊಡುತ್ತೇನೆ. ಎರಡು ಜಡೆ, ರಿಬ್ಬನ್, ಹೂ ಮುಡಿಯುವ ಹಾಗಿಲ್ಲ, ಮೆಹಂದಿ ಹಾಕುವ ಹಾಗಿಲ್ಲ. ನನ್ನ ತಂಗಿಯ ಮದುವೆಗೆ ಮಗಳು ಕೈತುಂಬ ಮೆಹಂದಿ ಹಾಕಿಸಿಕೊಂಡಿದ್ದಳು, ಸೋಮವಾರ ಡೈರಿಯಲ್ಲಿ ಕೆಂಪು ಅಕ್ಷರ ಬಂತು. ಮದುವೆ ಮನೆ ಅಂತ ಒಂದು ಮಾತು ಕೇಳಬಹುದಿತ್ತು ಅಂತ ಆಗ ಬೇಜಾರಾಗಿತ್ತು, ಈಗಲೂ ಆ ಬೇಜಾರು ಹೋಗಿಲ್ಲ.

ಆದರೆ ಅದೇ ಶಾಲೆಯಲ್ಲಿ ನಡೆದ ಇನ್ನೊಂದು ಸಂಗತಿ ನಾನು ಸಾಯುವ ತನಕ ಮರೆಯುವುದಿಲ್ಲ.

2021, ಕೊರೊನಾ ವರ್ಷ. ಆ ಮೇ ತಿಂಗಳಲ್ಲಿ ನಮ್ಮ ಮಾವ ತೀರಿಕೊಂಡಿದ್ದರು. ಮಗಳಿಗೆ ತಾತ ಅಂದರೆ ಪ್ರಾಣ. 8ನೇ ಕ್ಲಾಸು ಮೊಬೈಲಿನಲ್ಲೇ ಶುರುವಾಗಿ, ಸೆಪ್ಟೆಂಬರ್ 6ಕ್ಕೆ ಶಾಲೆ ಬಾಗಿಲು ತೆರೆಯಿತು. ಹೊಸ ಶಾಲೆ, ಮಾಸ್ಕ್ ಹಾಕಿದ ಮುಖಗಳು, ಗೆಳತಿಯರು ಯಾರೂ ಇಲ್ಲ. ಎರಡು ವಾರ ಕಳೆದಿರಬೇಕು, ಅಂಗಡಿಯಲ್ಲಿದ್ದಾಗ ಫೋನ್ ಬಂತು. ಕ್ಲಾಸ್ ಟೀಚರ್ ಆಗಿದ್ದ ಸಿಸ್ಟರ್. "ನಿಮ್ಮ ಮಗಳು ನಾಲ್ಕು ದಿನದಿಂದ ಡಬ್ಬಿ ಬಿಚ್ಚುತ್ತಿಲ್ಲ ಅಮ್ಮಾ. ಮನೆಯಲ್ಲಿ ಏನಾದರೂ ಆಗಿದೆಯಾ?" ನನಗೆ ಕೈಕಾಲೇ ಆಡಲಿಲ್ಲ. ಡಬ್ಬಿ ದಿನಾ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಕೇಳಿದರೆ, ಬಸ್ ಸ್ಟಾಪಿನ ಹತ್ತಿರ ನಾಯಿಗೆ ಹಾಕಿ ಬರುತ್ತಿದ್ದಳಂತೆ. ತಾತ ಅವಳ ಜೊತೆ ಕೂತರೆ ಮಾತ್ರ ಊಟ ಮಾಡುತ್ತಿದ್ದ ಹುಡುಗಿ ಅವಳು. ಮುಂದಿನ ಒಂದು ತಿಂಗಳು ಆ ಸಿಸ್ಟರ್ ತಮ್ಮ ಡಬ್ಬಿ ತಂದು ಇವಳ ಬೆಂಚಿನಲ್ಲಿ ಕೂತು ಊಟ ಮಾಡಿದರು. ಉಪದೇಶ ಮಾಡಲಿಲ್ಲ, ಸುಮ್ನೆ ಕೂತರು ಅಷ್ಟೆ. 42 ಮಕ್ಕಳ ಕ್ಲಾಸಿನಲ್ಲಿ ಒಂದು ಮಗು ಡಬ್ಬಿ ಬಿಚ್ಚದೇ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಟ್ರಸ್ಟಿನ ಶಾಲೆಯಲ್ಲಿ ಮಗನ ಸೆಕ್ಷನ್ನಿನಲ್ಲಿ 68 ಜನ. ಅಲ್ಲಿ ಯಾರಿಗೂ ಇದು ಕಾಣುತ್ತಿರಲಿಲ್ಲ ಅಂತ ಮಗನೇ ಹೇಳುತ್ತಾನೆ.

ನೋಟ್‌ಬುಕ್ಕಿನ ವಿಷಯದಲ್ಲೂ ಅಷ್ಟೇ. ಮೂವರ ಗಣಿತದ ನೋಟ್‌ಬುಕ್ಕನ್ನೂ ನಾನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಕಾನ್ವೆಂಟಿನದರಲ್ಲಿ ಲೆಕ್ಕ ಎಲ್ಲಿ ತಪ್ಪಿದೆಯೋ ಆ ಸಾಲಿಗೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಮಾಡಿ, ಕೆಳಗೆ ತಾರೀಖು, ಸಹಿ. ಇದನ್ನು ಮಾಡಿದವರು ಸಿಸ್ಟರ್ ಅಲ್ಲ, ನಮ್ಮೂರಿನವರೇ ಆದ ಒಬ್ಬ ಮಿಸ್. ಕಾನ್ವೆಂಟ್ ಅಂದರೆ ಎಲ್ಲರೂ ಸಿಸ್ಟರ್‌ಗಳೇ ಪಾಠ ಮಾಡುತ್ತಾರೆ ಅಂದುಕೊಳ್ಳಬೇಡಿ, ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಮನೆ-ಮಕ್ಕಳು ಇರುವ ಹೆಂಗಸರೇ. ಟ್ರಸ್ಟಿನ ಶಾಲೆಯ ಪುಸ್ತಕದಲ್ಲಿ ಪುಟಕ್ಕೊಂದು ರೈಟ್ ಗುರುತು, ತಪ್ಪು ಲೆಕ್ಕಕ್ಕೂ ರೈಟೇ. ಸರ್ಕಾರಿ ಶಾಲೆಯದು ತಿಂಗಳಿಗೊಮ್ಮೆ ನೋಡಿದ್ದು, ಆದರೆ ನೋಡಿದಾಗ ಪೂರ್ತಿ ನೋಡಿದ್ದಾರೆ.

ಭಾಷೆಯ ವಿಷಯಕ್ಕೆ ಬರೋಣ. ಇಲ್ಲಿ ನಾನು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ 10 ರೂಪಾಯಿ ದಂಡ. ಇದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನಮ್ಮೂರಲ್ಲಿ ನಮ್ಮ ಮಾತಿಗೆ ದಂಡ ಯಾಕೆ? ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿದ್ದೆ, "ನಿಮ್ಮ ಮಗುವಿಗೆ ಇಂಗ್ಲಿಷ್ ಬರಲಿ ಅಂತಾನೇ ಅಲ್ವಾ ಸೇರಿಸಿದ್ದು" ಅಂದರು. ಪಕ್ಕದಲ್ಲಿ ಕೂತಿದ್ದ ಅಪ್ಪ-ಅಮ್ಮಂದಿರೇ ಹೌದೌದು ಅಂದರು. ಆದರೆ ಪಠ್ಯದ ಲೆಕ್ಕ ನೋಡಿ. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪ್ರಥಮ ಭಾಷೆ, 125 ಅಂಕ. ಕನ್ನಡ ದ್ವಿತೀಯ ಭಾಷೆ, ಹಿಂದಿ ತೃತೀಯ. ಕನ್ನಡದ ಮಿಸ್ ಪದ್ಯ ಬಾಯಿಪಾಠ ಮಾಡಿಸಿ, ಪ್ರಬಂಧ ಬರೆಸಿ, ಒತ್ತಕ್ಷರ ತಪ್ಪಿದರೆ ಹತ್ತು ಸಲ ತಿದ್ದಿಸುತ್ತಿದ್ದರು. ಟ್ರಸ್ಟಿನ ಶಾಲೆಯಲ್ಲಿ ಕನ್ನಡಕ್ಕೆ ದಂಡ ಇಲ್ಲ, ಮೇಷ್ಟ್ರೂ ಕನ್ನಡದಲ್ಲೇ ಬೈಯುತ್ತಾರೆ. ಆದರೆ ಅಲ್ಲಿ ಪ್ರಥಮ ಭಾಷೆ ಸಂಸ್ಕೃತ, ಯಾಕಂದರೆ 125ಕ್ಕೆ 125 ತೆಗೆಯುವುದು ಸುಲಭ ಅಂತ. ಇಂಗ್ಲಿಷ್ ಎರಡನೆಯದು. ಕನ್ನಡ ಮೂರನೆಯದು, ಪುಸ್ತಕವೂ ತೆಳ್ಳಗೆ. ಮಗನಿಗೆ ಇವತ್ತಿಗೂ ಒಂದು ಪುಟ ಕನ್ನಡ ತಪ್ಪಿಲ್ಲದೆ ಬರೆಯಲು ಬರುವುದಿಲ್ಲ. ಸೇರಿಸುವಾಗ ಈ ಪ್ರಶ್ನೆ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ನೀವು ಕೇಳಿ.

ತಮ್ಮನ ಮಗಳ ಕನ್ನಡದ ಬಗ್ಗೆ ಹೇಳುವುದೇ ಬೇಡ, ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮಾಡಿ ಬಂದವಳು. ಸರ್ಕಾರಿ ಕೆಲಸದಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ ಅನ್ನುವುದೂ ತಮ್ಮನ ತಲೆಯಲ್ಲಿತ್ತು. ಇಂಗ್ಲಿಷ್ ಮಾತ್ರ ಅವಳಿಗೆ ಕಷ್ಟ. ಈಗ ಪಿಯುಸಿ ಸೈನ್ಸ್ ತೆಗೆದುಕೊಂಡಿದ್ದಾಳೆ, ನನ್ನ ಮಗಳು ರಾತ್ರಿ ಕೂತು ಹೇಳಿಕೊಡುತ್ತಾಳೆ.

ಅಂಗಡಿಯಲ್ಲಿ ದನಿ ಇಳಿಸಿ ಕೇಳುವ ಪ್ರಶ್ನೆ ಒಂದಿದೆ. "ಅಲ್ಲಿ ಅವರ ಧರ್ಮ ಹೇಳಿಕೊಡ್ತಾರಂತೆ, ನಿಜವಾ?" ನಾವು ಕಂಡದ್ದು ಹೇಳುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಯೇಸುವಿನ ಹಾಡೂ ಇರುತ್ತದೆ. ಧರ್ಮೋಪದೇಶದ ಪಿರಿಯಡ್ ಕ್ಯಾಥೊಲಿಕ್ ಮಕ್ಕಳಿಗೆ ಮಾತ್ರ, ಅದೇ ಹೊತ್ತಿಗೆ ಉಳಿದ ಮಕ್ಕಳಿಗೆ ಮಾರಲ್ ಸೈನ್ಸ್. ಮೂರು ವರ್ಷದಲ್ಲಿ ಒಬ್ಬರೂ ನನ್ನ ಮಗಳಿಗೆ ನಿನ್ನ ದೇವರು ಬಿಡು ಅನ್ನಲಿಲ್ಲ. ಮಾನ್ಯತೆ ಪಡೆದ ಅಥವಾ ಅನುದಾನದ ಶಾಲೆಯಲ್ಲಿ ತಂದೆ-ತಾಯಿ ಒಪ್ಪದೆ ಮಗುವನ್ನು ಧಾರ್ಮಿಕ ಪಾಠಕ್ಕೆ ಕೂರಿಸುವ ಹಾಗಿಲ್ಲ ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಡಿಸೆಂಬರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡುತ್ತಾರೆ, ಮಗಳು ಅದಕ್ಕೆ ನನ್ನ ಅಂಗಡಿಯ ತುಂಡು ಬಟ್ಟೆ ತೆಗೆದುಕೊಂಡು ಹೋಗಿ ಕುರುಬರ ಗೊಂಬೆಗಳಿಗೆ ಕಂಬಳಿ ಹೊಲಿದಳು. ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ಗೆಳತಿಯ ಮನೆಯವರ ಜೊತೆ ಸೆಪ್ಟೆಂಬರ್ 8ಕ್ಕೆ ಒಮ್ಮೆ ಹೋಗಿ ಬಂದಳು. ನಮ್ಮ ಮನೆ ಶ್ರಾವಣ ಸೋಮವಾರವೂ ತಪ್ಪಿಲ್ಲ, ಇದೂ ಆಯಿತು.

2024ರ ಮಾರ್ಚ್‌ನಲ್ಲಿ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ಅದೇ ತಿಂಗಳ 25ಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಕೂತು ಓದಲು ಮನೆಯಲ್ಲಿ ಒಂದು ಮೂಲೆ ಇರಲಿಲ್ಲ. ಜಾತ್ರೆಗೆ ಹೋಗಬೇಡಿ ಅಂತ ಕಾನ್ವೆಂಟಿನವರು ಹೇಳಲಿಲ್ಲ, 10ನೇ ಕ್ಲಾಸಿನವರಿಗೆ ಒಂದು ರೂಮು ಸಂಜೆ 7ರವರೆಗೆ ತೆರೆದಿಟ್ಟರು. ಒಬ್ಬ ಸಿಸ್ಟರ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಮ್ಮೆಜಮಾನರು ದಿನಾ 7ಕ್ಕೆ ಹೋಗಿ ಮಗಳನ್ನು ಕರೆದುಕೊಂಡು ನೇರ ಜಾತ್ರೆಗೆ ಬರುತ್ತಿದ್ದರು. ಅದು ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ವರ್ಷ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟರೂ ಶೇ 73.40ಕ್ಕೆ ಇಳಿಯಿತು. ಮಗಳಿಗೆ 625ಕ್ಕೆ 561 ಬಂತು, ಟ್ಯೂಷನ್ ಇಲ್ಲದೆ. ತಮ್ಮನ ಮಗಳಿಗೆ ಈ ವರ್ಷ 498, ಅವಳೂ ಟ್ಯೂಷನ್ ಮುಖ ನೋಡಿಲ್ಲ.

ಹಾಗಾದರೆ ಮಗನನ್ನು ಯಾಕೆ ಬಿಡಿಸಿದಿರಿ ಅಂತ ಕೇಳುತ್ತೀರಿ.

ಅವನು ಕೂತಲ್ಲಿ ಕೂರುವ ಹುಡುಗ ಅಲ್ಲ. ಬುದ್ಧಿವಂತ, ಆದರೆ ಕೈಕಾಲು ಆಡುತ್ತಲೇ ಇರಬೇಕು. ಕಾನ್ವೆಂಟಿನಲ್ಲಿ ಆಟದ ಪಿರಿಯಡ್ ವಾರಕ್ಕೆ ಒಂದೇ, ಅದೂ ಪರೀಕ್ಷೆ ಹತ್ತಿರ ಬಂದರೆ ಸೈನ್ಸಿಗೆ ಹೋಗುತ್ತಿತ್ತು. ಅವನು 8ಕ್ಕೆ ಬರುವಷ್ಟರಲ್ಲಿ ಹಳೇ ಹೆಡ್ ಸಿಸ್ಟರ್ ವರ್ಗವಾಗಿ ಹೊಸಬರು ಬಂದಿದ್ದರು. ಇದೂ ತಿಳಿದಿರಲಿ, ಸಿಸ್ಟರ್‌ಗಳಿಗೆ ಅವರು ಸೇರಿದ ಸನ್ಯಾಸಿನಿಯರ ಸಂಘದಿಂದ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತಿರುತ್ತದೆ, ಮೇಲಿನವರು ಬದಲಾದರೆ ಶಾಲೆಯ ಗಾಳಿಯೇ ಬದಲಾಗುತ್ತದೆ. ಅಕ್ಕನಿಗೆ ಸಿಕ್ಕ ಶಾಲೆ ತಮ್ಮನಿಗೆ ಸಿಗಲಿಲ್ಲ. ಒಂದೇ ವರ್ಷದಲ್ಲಿ ಅವನ ಡೈರಿಯಲ್ಲಿ 23 ಕೆಂಪು ಟಿಪ್ಪಣಿ. ಸೋಮವಾರ ಬೆಳಿಗ್ಗೆ ಆದರೆ ವಾಂತಿ. ಮೊದಲು ಇಡ್ಲಿ ಹಿಟ್ಟು ಹುಳಿಯಾಗಿದೆ ಅಂದುಕೊಂಡೆ, ಆಮೇಲೆ ಗೊತ್ತಾಯಿತು ಭಾನುವಾರ ರಾತ್ರಿಯೇ ಅವನ ಮುಖ ಬಾಡುತ್ತಿತ್ತು ಅಂತ. ಮೀಟಿಂಗಿಗೆ ಹೋದಾಗ ಒಬ್ಬ ಮಿಸ್ ಅವನ ಎದುರಿಗೇ, "ನಿಮ್ಮ ಮಗಳು ಎಷ್ಟು ಒಳ್ಳೆಯವಳು, ಇವನ್ಯಾಕೆ ಹೀಗೆ?" ಅಂದರು. ಅವನು ತಲೆ ಎತ್ತಲಿಲ್ಲ. ದಾರಿಯುದ್ದಕ್ಕೂ ಸ್ಕೂಟಿಯ ಹಿಂದೆ ನನ್ನ ಸೆರಗು ಹಿಡಿದುಕೊಂಡು ಕೂತಿದ್ದ, ಅವನಿಗಾಗ 14 ವರ್ಷ.

ಟ್ರಸ್ಟಿನ ಶಾಲೆಗೆ ದೊಡ್ಡ ಮೈದಾನ ಇದೆ. ಖೋ ಖೋ ಟೀಮಿಗೆ ಸೇರಿದ, ತಾಲ್ಲೂಕು ಮಟ್ಟಕ್ಕೆ ಆಡಿ ಬಂದ. ಪಾಠ ಕಾನ್ವೆಂಟಿನಷ್ಟು ಇಲ್ಲ, ಅದು ನಿಜ. ಪ್ರಶ್ನೆ-ಉತ್ತರ ಉರು ಹೊಡೆಸುತ್ತಾರೆ, ಅರ್ಥ ಆಗದಿದ್ದರೆ ಟ್ಯೂಷನ್ನಿಗೆ ಹೋಗು ಅನ್ನುತ್ತಾರೆ. ಆದರೆ ಸೋಮವಾರದ ವಾಂತಿ ನಿಂತಿದೆ, ಬೆಳಿಗ್ಗೆ ತಾನೇ ಶೂ ಪಾಲಿಶ್ ಮಾಡಿಕೊಳ್ಳುತ್ತಾನೆ.

ಸುಮ್ಮನಿರುವ, ಒಳಗೊಳಗೇ ಕೊರಗುವ ಮಗುವಿಗೆ ನಾನು ಕಾನ್ವೆಂಟೇ ಹೇಳುತ್ತೇನೆ, ಇಂಗ್ಲಿಷಿಗಾಗಿ ಅಲ್ಲ, ಆ ಕಣ್ಣಿಗಾಗಿ. ಓಡಾಡುವ ಮಗುವಿಗೆ ಮೈದಾನ ನೋಡಿ ಸೇರಿಸಿ. ಮನೆಯಲ್ಲಿ ಹೇಳಿಕೊಡುವ ಒಬ್ಬರಿದ್ದರೆ ಸರ್ಕಾರಿ ಹೈಸ್ಕೂಲು ಯಾವುದಕ್ಕೂ ಕಡಿಮೆ ಇಲ್ಲ. ಮೇಷ್ಟ್ರ ಹುದ್ದೆ ಎಲ್ಲ ಭರ್ತಿ ಇದೆಯಾ ಅಂತ ಮಾತ್ರ ವಿಚಾರಿಸಿ, ತಮ್ಮನ ಮಗಳಿಗೆ 9ರಲ್ಲಿ ಅರ್ಧ ವರ್ಷ ಗಣಿತದವರೇ ಇರಲಿಲ್ಲ.

ಮೊನ್ನೆ ನಾದಿನಿ ಬಂದಿದ್ದಳು, ಕಾನ್ವೆಂಟಿನ ಫಾರಂ ಹಿಡಿದುಕೊಂಡು. ಅವಳ ಮಗಳು 7 ಮುಗಿಸಿದ್ದಾಳೆ. ನಾದಿನಿ ಫೀಸು ಕೇಳಿದಳು, ರಿಸಲ್ಟ್ ಕೇಳಿದಳು, ಹೇಳಿದೆ. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು, ನಿನಗೆ ಏನು ಕೇಳಬೇಕು ಪುಟ್ಟಿ ಅಂದೆ. ಸ್ವಲ್ಪ ಹೊತ್ತು ಬಾಬಿನ್ ತಿರುಗಿಸುತ್ತಾ ನಿಂತು, "ಅತ್ತೆ, ಅಲ್ಲಿ ಲೈಬ್ರರಿ ಪುಸ್ತಕ ಮನೆಗೆ ಕೊಡ್ತಾರಾ?" ಅಂದಳು. ನನ್ನ ಮಗಳನ್ನು ಕೂಗಿದೆ. ವಾರಕ್ಕೆ ಒಂದು ಕೊಡುತ್ತಾರೆ, ಶುಕ್ರವಾರ, ಅಂತ ಅವಳು ಹೇಳಿದಳು. ಫಾರಂ ಇನ್ನೂ ತುಂಬಿಲ್ಲ. ಸೋಮವಾರ ಮೂವರೂ ಹೋಗಿ ಆ ಲೈಬ್ರರಿ ನೋಡಿಕೊಂಡು ಬರುತ್ತೇವೆ.