ಕಾಡಿನ ಹೊಗೆ ಅಳೆಯಲು: ಚೀಲವೋ, ಕ್ಯಾನಿಸ್ಟರೋ, ಎಫ್‌ಟಿಐಆರೋ?

ಪುಣೆಯಿಂದ ಗೋವಾದ ಕಾಡಿಗೆ ಹೋಗಿ ಬೆಂಕಿಯ ಹೊಗೆ ಅಳೆಯುವುದಾದರೆ, ಮೊದಲು ಯಾವ ಅನಿಲ ಬೇಕೆಂದು ತೀರ್ಮಾನಿಸಿ.

ಕಾರ್ಬನ್ ಮೊನಾಕ್ಸೈಡ್, ಡೈಆಕ್ಸೈಡ್, ಮೀಥೇನ್ ಸಾಕೆಂದರೆ ಟೆಡ್ಲಾರ್ ಎಂಬ ಪ್ಲಾಸ್ಟಿಕ್‌ನ ಚೀಲ ಅಗ್ಗ, ಹಗುರ. ಬಿಸಿಲಿಗಿಡದೆ ಒಂದೆರಡು ದಿನದೊಳಗೆ ವಿಶ್ಲೇಷಿಸಿ. ಸೋರಿಕೆ ಹೆಚ್ಚಾಗಿ ಕವಾಟದ ಬುಡದಲ್ಲೇ.

ಒಳಗಿನ ಗಾಳಿ ತೆಗೆದು ನಿರ್ವಾತ ಮಾಡಿದ ಸ್ಟೀಲ್ ಡಬ್ಬಿ, ಅಂದರೆ ಕ್ಯಾನಿಸ್ಟರ್, ದುಬಾರಿ. ಆದರೆ ಈಥೇನ್, ಬೆಂಜೀನ್ ವಾರಗಟ್ಟಲೆ ಕೆಡುವುದಿಲ್ಲ. ಪಂಪೂ ಬೇಡ: ಕವಾಟ ತಿರುಗಿಸಿದರೆ ಸುಂಯ್ ಎಂದು ತಾನೇ ಎಳೆದುಕೊಳ್ಳುತ್ತದೆ. ಅಮೋನಿಯಾ ಮಾತ್ರ ಎರಡರಲ್ಲೂ ಒಳಗೋಡೆಗೆ ಅಂಟಿ ಕಳೆದುಹೋಗುತ್ತದೆ. ಅದೇ ಬೇಕಿದ್ದರೆ, ಹೊಗೆಯ ಮಧ್ಯೆ ಬೆಳಕು ಹಾಯಿಸಿ ಅಲ್ಲೇ ಅಳೆಯುವ ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅನಿಲ ಗುರುತಿಸುವ ಉಪಕರಣ) ಸರಿ. ಆದರೆ ಅದನ್ನು ಕರೆಂಟಿಲ್ಲದ ಇಳಿಜಾರಿಗೆ ಹೊತ್ತೊಯ್ಯುವುದೇ ಕಷ್ಟ.

ಯಾವುದಾದರೂ ಸರಿ, ಹೊಗೆ ತಾಗದ ಗಾಳಿಯ ಮಾದರಿಯೂ ಇರಲೇಬೇಕು. ಅದರಲ್ಲಿನ ಪ್ರಮಾಣವನ್ನು ಹೊಗೆಯ ಅಳತೆಯಿಂದ ಕಳೆಯದಿದ್ದರೆ ಲೆಕ್ಕ ಹಾಳು. ಉರಿಯುವಾಗಿನ, ಹೊಗೆಯಾಡುವಾಗಿನ ಮಾದರಿಗಳನ್ನು ಬೆರೆಸಬೇಡಿ: ಮೀಥೇನ್ ಹೆಚ್ಚು ಬರುವುದು ಹೊಗೆಯಾಡುವ ದಿಮ್ಮಿಯಿಂದ.