ರೆಡ್‌ಮಿ ಪ್ಯಾಡ್ ಎಸ್‌ಇ: ಕ್ರೆಡಿಟ್ ಕಾರ್ಡ್ ಇಲ್ಲದೆ ರೊಕ್ಕ ಕೊಟ್ಟು ತಂದಿದ್ದು

ಮೊದಲೇ ಹೇಳಿಬಿಡುತ್ತೇನೆ, ಟ್ಯಾಬ್ ಚೆನ್ನಾಗಿದೆ. ಓದುವ ಮಕ್ಕಳಿಗೆ ಈ ರೇಟಿಗೆ ಧಾರಾಳವಾಗಿ ಕೊಡಿಸಬಹುದು. ಆದರೆ ಈ ರೇಟು ಅಂದರೆ ಯಾವ ರೇಟು? ನನ್ನ ತಲೆ ತಿಂದಿದ್ದು ಅದೇ.

2024ರ ಜೂನ್. ಮಣೂಕ, ಅಂದರೆ ಒಣದ್ರಾಕ್ಷಿ, ಮಾರಿದ ದುಡ್ಡು ಕೈಗೆ ಬಂದಿತ್ತು. ಮಗಳು ಪಿಯುಸಿ ಸೈನ್ಸ್ ಸೇರಿದ್ದಳು, ನೋಟ್ಸ್ ಎಲ್ಲಾ ಪಿಡಿಎಫ್‌ನಲ್ಲೇ ಬರುತ್ತವೆ, ನನ್ನ ಫೋನಿನಲ್ಲಿ ಓದಿ ಓದಿ ಅವಳಿಗೆ ಕಣ್ಣು ನೋವು ಶುರುವಾಗಿತ್ತು. ಈ ಟ್ಯಾಬ್ ಆಗ ಹೊಸದು, ಏಪ್ರಿಲ್‌ನಲ್ಲಿ ಬಂದಿದ್ದು. 4 ಜಿಬಿ ರ‍್ಯಾಮ್ ಇರುವುದಕ್ಕೆ 12,999, 6 ಜಿಬಿಗೆ 13,999, 8 ಜಿಬಿಗೆ 14,999 ರೂಪಾಯಿ. ಆ್ಯಪ್ ತೆರೆದರೆ ಸಾವಿರ ಕಡಿಮೆ ಅಂತ ದೊಡ್ಡ ಅಕ್ಷರದಲ್ಲಿ ಇತ್ತು, ಕೆಳಗೆ ಸಣ್ಣದಾಗಿ, ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ ಮಾತ್ರ ಅಂತ. ತಿಕೋಟಾ ಕಡೆ ದ್ರಾಕ್ಷಿ ತೋಟ ಮಾಡಿಕೊಂಡಿರುವ ನಮ್ಮ ಹತ್ತಿರ ಇರುವುದು ಸೊಸೈಟಿ ಸಾಲ, ಒಂದು ಉಳಿತಾಯ ಖಾತೆ, ಯುಪಿಐ. ತಿಂಗಳ ಪಗಾರ ಇದ್ದವರಿಗೆ ಒಂದು ರೇಟು, ಇಲ್ಲದವರಿಗೆ ಇನ್ನೊಂದು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ವಿಜಯಪುರದ ಗಾಂಧಿ ಚೌಕದ ಸುತ್ತ ಮೂರು ಅಂಗಡಿ ಅಡ್ಡಾಡಿದೆವು. ಮೊದಲನೆಯವರು, "6 ಜಿಬಿ ಇಲ್ರಿ, 8 ಜಿಬಿ ಒಯ್ರಿ" ಅಂದರು, ಅದರ ಜೊತೆ ಕವರ್, ಗ್ಲಾಸ್, ಇನ್ಶೂರೆನ್ಸ್ ಎಲ್ಲಾ ತಗೊಳ್ಳಲೇಬೇಕು, 1,800 ಜಾಸ್ತಿ. ಎರಡನೆಯವರು, "ಬಿಲ್ ಬ್ಯಾಡಂದ್ರ ಐದುನೂರು ಬಿಡ್ತೀನ್ರಿ ಯಜಮಾನ್ರ" ಅಂದರು. ಬಿಲ್ ಇಲ್ಲದಿದ್ದರೆ ನಾಳೆ ಕೆಟ್ಟಾಗ ವಾರಂಟಿ ಯಾರನ್ನು ಕೇಳೋದು? ಎದ್ದು ಬಂದೆವು.

ಮೂರನೆಯದು ಒಳ ಓಣಿಯ ಸಣ್ಣ ಅಂಗಡಿ. 13,999ಕ್ಕೆ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ, ಆದರೆ ಜೊತೆಗೆ ಏನನ್ನೂ ತಲೆಗೆ ಕಟ್ಟಲೂ ಇಲ್ಲ. ನಮ್ಮ ಎದುರಿಗೇ ಬಾಕ್ಸ್ ಒಡೆದು, ಅಪ್‌ಡೇಟ್ ಹಾಕಿ, ಸೀರಿಯಲ್ ನಂಬರ್ ಬರೆದ ಪಕ್ಕಾ ಬಿಲ್ ಕೊಟ್ಟರು. "ಇದರಾಗ ನಮಗ ಭಾಳ ಏನೂ ಉಳಿಯಂಗಿಲ್ರಿ ಅಣ್ಣಾರ, ಕವರ್ ಗ್ಲಾಸಿನ್ಯಾಗ ನಾಕು ರೊಕ್ಕ ನೋಡಬೇಕು" ಅಂದರು. ಅದನ್ನು ಕೇಳಿ ಕವರ್ ಅಲ್ಲೇ ತಗೊಂಡೆ. ಮನೆಗೆ ಬಂದು ಬಿಲ್ ನೋಡಿದರೆ ಆ 13,999ರಲ್ಲಿ 2,135 ರೂಪಾಯಿ ಜಿಎಸ್‌ಟಿಯೇ! 18 ಪರ್ಸೆಂಟ್. ಫೋನಿಗೂ ಈಗ ಅಷ್ಟೇ, 2020ರ ಏಪ್ರಿಲ್‌ಗೆ ಮುಂಚೆ 12 ಇತ್ತು.

ಇನ್ನು ಟ್ಯಾಬ್. 11 ಇಂಚಿನ ಪರದೆ, ಪಿಡಿಎಫ್ ಪುಟ ಪೂರ್ತಿ ಕಾಣುತ್ತದೆ. 8000 ಎಂಎಎಚ್ ಬ್ಯಾಟರಿ, ಅವಳ ಓದಿಗೆ ಎರಡು ದಿನ ಬರುತ್ತದೆ. ಮೆಮೊರಿ ಕಾರ್ಡ್ ಹಾಕಬಹುದು, ಹಳೇ ಇಯರ್‌ಫೋನ್ ಸಿಗಿಸಬಹುದು. ಚಿಪ್ ಮಾತ್ರ ಸ್ನ್ಯಾಪ್‌ಡ್ರಾಗನ್ 680, 2021ರದ್ದು, ಕಂಪನಿ ದುಡ್ಡು ಉಳಿಸಿದ್ದು ಅಲ್ಲೇ. ಗೇಮ್ ಆಡುವವರಿಗೆ ಇದು ಬೇಡ. ಸಿಮ್ ಹಾಕಲು ಬರುವುದಿಲ್ಲ, ತೋಟದ ಮನೆಯಲ್ಲಿ ನನ್ನ ಫೋನಿನ ಹಾಟ್‌ಸ್ಪಾಟ್ ಬೇಕು. ಚಾರ್ಜ್ 10 ವ್ಯಾಟ್, ರಾತ್ರಿ ಹಾಕಿ ಮಲಗುತ್ತೇವೆ.

ಕಂಪನಿಗಳ ಪೈಪೋಟಿಯಿಂದ ನಮಗೆ ಲಾಭ ಆಗಿದೆ, ಇಲ್ಲ ಅನ್ನಲ್ಲ. ಆ್ಯಪಲ್‌ನವರೇ 10ನೇ ತಲೆಮಾರಿನ ಐಪ್ಯಾಡನ್ನು 2022ರಲ್ಲಿ 44,900ಕ್ಕೆ ತಂದು, 2024ರ ಮೇನಲ್ಲಿ 34,900ಕ್ಕೆ ಇಳಿಸಿದರು. ಅದೇ ಮಾಲು, ಹತ್ತು ಸಾವಿರ ಕಡಿಮೆ! ಅವಸರ ಇಲ್ಲದವರು ಕಾಯೋದೇ ಒಳ್ಳೇದು. ಆದರೆ ಕೌಂಟರ್ ಮೇಲೆ ಕಾಣುವಷ್ಟು ಪೈಪೋಟಿ ನಿಜವಾಗಿ ಇಲ್ಲ ಅನಿಸುತ್ತದೆ. ರೆಡ್‌ಮಿ, ಪೋಕೋ ಎರಡೂ ಶಾವೋಮಿ ಮನೆಯಲ್ಲೇ ಹುಟ್ಟಿದವು. ರಿಯಲ್‌ಮಿ 2018ರಲ್ಲಿ ಒಪ್ಪೋದಿಂದ ಬಂದಿದ್ದು. ನಾಲ್ಕು ಹೆಸರು ನೋಡಿ ನಾಲ್ಕು ಕಂಪನಿ ಹೋಲಿಸಿದೆ ಅಂದುಕೊಂಡಿದ್ದೆ, ಮನೆ ನೋಡಿದರೆ ಎರಡೇ, ಅಲ್ವಾ?

ವರ್ಷದ ಮೇಲಾಯ್ತು, ಟ್ಯಾಬ್ ಒಮ್ಮೆಯೂ ರಿಪೇರಿಗೆ ಹೋಗಿಲ್ಲ. ದಸರಾಕ್ಕೆ ಅವ್ವನಿಗೆ ಫೋನ್ ತರಬೇಕು, ಆ ಓಣಿಯ ಅಂಗಡಿಯಲ್ಲೇ ಮೊದಲು ಕೇಳುತ್ತೇನೆ.